ಎಲ್.ಕೆ.ಜಿ.ಯೊಳಗಿನ ತಾಯಿನುಡಿ



ಮೂರು ವರ್ಷ ತುಂಬಿದ ಮಗುವನ್ನು ನಮ್ಮ ಗಡಿಯೂರುಗಳಲ್ಲಿ ಈಗ ಎಲ್ಲಿಗೆ ಕಳಿಸುತ್ತಾರೆಂದು ಕೇಳಿ ನೋಡಿ. ‘ಎಲ್.ಕೆ.ಜಿ.ಗೆ’ ಎಂಬ ಉತ್ತರ ಅನೇಕ ಮನೆಗಳಿಂದ ಬರುತ್ತದೆ. ಹೇಳುವವರ ದನಿಯಲ್ಲಿ ಒಂದಿಷ್ಟು ಹೆಮ್ಮೆಯೂ ಇರುತ್ತದೆ. ಮನೆಮಾತನ್ನು ಮನೆಯಲ್ಲೇ ಬಿಟ್ಟು ಮಗು ಇಂಗ್ಲಿಷಿನ ಮೆಟ್ಟಿಲು ಹತ್ತಿತು ಎಂಬ ಹೆಮ್ಮೆ ಅದು. ಆದರೆ ಆ ಮೂರಕ್ಷರಗಳನ್ನು ಒಮ್ಮೆ ಬಿಡಿಸಿ ನೋಡೋಣ. ‘ಎಲ್’ ಎಂದರೆ ಲೋವರ್, ಅದು ಇಂಗ್ಲಿಷ್. ‘ಕೆ.ಜಿ.’ ಎಂದರೆ ಕಿಂಡರ್‌ಗಾರ್ಟನ್. ಅದು ಇಂಗ್ಲಿಷ್ ಪದವಲ್ಲ, ಜರ್ಮನ್ ಪದ. ‘ಕಿಂಡರ್’ ಎಂದರೆ ಮಕ್ಕಳು, ‘ಗಾರ್ಟನ್’ ಎಂದರೆ ತೋಟ. ಮಕ್ಕಳ ತೋಟ.

ಜಗತ್ತಿನ ಪದಗಳನ್ನೆಲ್ಲ ತನ್ನ ಉಚ್ಚಾರಕ್ಕೆ ಬಗ್ಗಿಸಿಕೊಳ್ಳುವ ಇಂಗ್ಲಿಷು ಈ ಪದವನ್ನು ಮಾತ್ರ ಭಾಷಾಂತರ ಮಾಡದೆ ಹಾಗೆಯೇ ಉಳಿಸಿಕೊಂಡಿತು. ಅಮೆರಿಕಾದಲ್ಲಿ ಈ ಪದ ಬೇರೂರಿದ್ದಕ್ಕೆ ವಲಸೆ ಹೋದ ಒಂದು ಮನೆಯೂ ಕಾರಣ. ಆ ಮನೆಯವರು ತಮ್ಮ ಮಕ್ಕಳಿಗಾಗಿ, ತಮ್ಮ ತಾಯಿನುಡಿಯಲ್ಲಿ ಒಂದು ಪುಟ್ಟ ಶಿಶುವಿಹಾರ ಕಟ್ಟಿದರು. ಅವರ ಕಥೆಯನ್ನು ಇಂದು ನಿಮ್ಮ ಮುಂದಿಡುತ್ತೇನೆ. ಗಡಿಯಲ್ಲಿ ಕುಳಿತ ನಮಗೆ ಅದರಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದ ಸಂಗತಿಗಳು ಕೆಲವಿವೆ.

ಜರ್ಮನರು ನಮಗೇನೂ ಹೊಸಬರಲ್ಲ. ಮಂಗಳೂರು, ಕಾಸರಗೋಡು ಸೀಮೆಯ ಹಳೆಯ ಮನೆಗಳ ಮಾಡಿನ ಮೇಲಿರುವ ಹಂಚಿನ ಕೈಗಾರಿಕೆಯನ್ನು 1865ರಲ್ಲಿ ಮಂಗಳೂರಿನಲ್ಲಿ ಆರಂಭಿಸಿದವರು ಬಾಸೆಲ್ ಮಿಶನ್ನಿನ ಜರ್ಮನರು. ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು 1843ರಲ್ಲಿ ಹೊರಡಿಸಿದವರು ಹರ್ಮನ್ ಮೋಗ್ಲಿಂಗ್. 1894ರಲ್ಲಿ ಕನ್ನಡಕ್ಕೆ ಮಹಾನಿಘಂಟನ್ನು ಕೊಟ್ಟ ಫರ್ಡಿನಂಡ್ ಕಿಟೆಲ್ ಹುಟ್ಟಿದ್ದು 1832ರಲ್ಲಿ. ನಮ್ಮ ಇಂದಿನ ಕಥೆಯ ನಾಯಕಿ ಮಾರ್ಗರೆಥೆ ಮೇಯರ್ ಹ್ಯಾಂಬರ್ಗ್ ಪಟ್ಟಣದಲ್ಲಿ ಹುಟ್ಟಿದ್ದು 1833ರಲ್ಲಿ. ಇಬ್ಬರೂ ಒಂದೇ ತಲೆಮಾರಿನವರು. ಕಿಟೆಲರು 1853ರಲ್ಲಿ ಪೂರ್ವಕ್ಕೆ ಬಂದು ಪರರ ನುಡಿಯನ್ನು ತಮ್ಮದೆಂದು ಕಲಿತರು. ಅದಕ್ಕೆ ಒಂದು ವರ್ಷ ಮೊದಲು, 1852ರಲ್ಲಿ, ಪಶ್ಚಿಮಕ್ಕೆ ಹೋದ ಮಾರ್ಗರೆಥೆ ತನ್ನ ನುಡಿಯನ್ನು ಮಡಿಲಲ್ಲಿ ಕಟ್ಟಿಕೊಂಡು ಹೋದಳು.

ಈ ಮಕ್ಕಳ ತೋಟದ ಕಲ್ಪನೆ ಮಾತ್ರ ಆಕೆಯದಲ್ಲ. ಅದು ಫ್ರೀಡ್ರಿಕ್ ಫ್ರೋಬೆಲ್ ಎಂಬವರದು. ಅವರು ಹುಟ್ಟಿದ್ದು 1782ರಲ್ಲಿ. ಒಂದು ವರ್ಷ ತುಂಬುವ ಮೊದಲೇ ತಾಯಿಯನ್ನು ಕಳೆದುಕೊಂಡ ಮಗು ಅದು. ತಾಯಿಯ ಮಡಿಲು ಎಂದರೇನೆಂದು ತಿಳಿಯದೆ ಬೆಳೆದ ಆ ಮನುಷ್ಯ, ಜಗತ್ತಿನ ಮಕ್ಕಳಿಗೆಲ್ಲ ಅಂಥ ಮಡಿಲೊಂದನ್ನು ಕಲ್ಪಿಸಲು ತನ್ನ ಆಯುಸ್ಸನ್ನು ಸವೆಸಿದರು. 1837ರಲ್ಲಿ ಬ್ಲಾಂಕನ್‌ಬರ್ಗ್ ಎಂಬ ಊರಿನಲ್ಲಿ ಎಳೆಯ ಮಕ್ಕಳ ಸಂಸ್ಥೆಯೊಂದನ್ನು ತೆರೆದು, 1840ರಲ್ಲಿ ಅದಕ್ಕೆ ಕಿಂಡರ್‌ಗಾರ್ಟನ್ ಎಂಬ ಹೆಸರಿಟ್ಟರು. ಅಲ್ಲಿ ಪಾಠಪುಸ್ತಕವಿರಲಿಲ್ಲ, ಬೆತ್ತವಿರಲಿಲ್ಲ. ಬಣ್ಣದ ಉಣ್ಣೆಯ ಆರು ಚೆಂಡುಗಳು, ಮರದ ಗುಂಡು, ಉರುಳೆ, ಎಂಟು ತುಂಡುಗಳಾಗಿ ಬಿಡಿಸಬಹುದಾದ ಮರದ ಘನ, ಇಂಥ ಆಟದ ಸಾಮಾನುಗಳಿದ್ದವು. ಹಾಡು, ಬೆರಳಾಟ, ಸುತ್ತು ಕುಣಿತ, ಜತೆಗೆ ಮಕ್ಕಳೇ ನೀರೆರೆಯುವ ಪುಟ್ಟ ಮಡಿಗಳು. ಚೆನ್ನೆಮಣೆಯ ಗುಳಿಗೆ ಕಾಯಿ ಹಾಕುತ್ತ ಎಣಿಕೆ ಕಲಿತ ನಮ್ಮ ಅಜ್ಜಿಯಂದಿರಿಗೆ ಫ್ರೋಬೆಲ್ ಹೇಳಿದ್ದು ತೀರ ಅಪರಿಚಿತವೆನಿಸದು. ಅಡುಗೆಮನೆಯ ಜಗಲಿಯಲ್ಲಿ ನಡೆಯುತ್ತಿದ್ದುದಕ್ಕೆ ಅವರು ಒಂದು ಕ್ರಮವನ್ನೂ ಒಂದು ಗೌರವವನ್ನೂ ತಂದುಕೊಟ್ಟರು.

ಮಕ್ಕಳ ಆಟದಿಂದ ರಾಜ್ಯಕ್ಕೆ ಏನು ಭಯ? ಆದರೂ ಪ್ರಷ್ಯಾದ ಸರಕಾರ 1851ರ ಆಗಸ್ಟಿನಲ್ಲಿ ಕಿಂಡರ್‌ಗಾರ್ಟನ್‌ಗಳನ್ನು ನಿಷೇಧಿಸಿತು. ಇವು ನಾಸ್ತಿಕತೆಯನ್ನೂ ಸಮಾಜವಾದವನ್ನೂ ಬಿತ್ತುತ್ತವೆ ಎಂಬುದು ಆರೋಪ. ಫ್ರೋಬೆಲರ ಸೋದರನ ಮಗ ಕಾರ್ಲ್ ಫ್ರೋಬೆಲ್ ಬರೆದದ್ದನ್ನು ಚಿಕ್ಕಪ್ಪನ ತಲೆಗೆ ಕಟ್ಟಿದ್ದೂ ಇದಕ್ಕೆ ಕಾರಣವಾಯಿತು. ನಿಷೇಧ ತೆರವಾದದ್ದು 1860ರಲ್ಲಿ. ಅದನ್ನು ನೋಡಲು ಫ್ರೋಬೆಲ್ ಇರಲಿಲ್ಲ. 1852ರ ಜೂನ್ 21ರಂದು ಅವರು ತೀರಿಕೊಂಡಿದ್ದರು.

ಈ ಫ್ರೋಬೆಲ್ 1849ರಲ್ಲಿ ಹ್ಯಾಂಬರ್ಗಿಗೆ ಬಂದು ಉಪನ್ಯಾಸ ಮಾಡಿದಾಗ ಕೇಳಲು ಕುಳಿತವರಲ್ಲಿ ಹದಿನಾರರ ಮಾರ್ಗರೆಥೆಯೂ ಇದ್ದಳು. ಆಕೆಯ ಅಕ್ಕ ಬೆರ್ಥಾ, ಗಂಡ ಯೋಹಾನ್ನೆಸ್ ರೋಂಗೆಯವರೊಡನೆ ಲಂಡನ್ ಸೇರಿ, 1851ರಲ್ಲಿ ಅಲ್ಲಿ ಇಂಗ್ಲೆಂಡಿನ ಮೊದಲ ಕಿಂಡರ್‌ಗಾರ್ಟನ್ ತೆರೆದರು. ಅಕ್ಕನ ನೆರವಿಗೆ ಲಂಡನ್ನಿಗೆ ಬಂದ ಮಾರ್ಗರೆಥೆಗೆ ಅಲ್ಲಿ ಕಾರ್ಲ್ ಶುರ್ಜ್ ಎಂಬ ತರುಣನ ಪರಿಚಯವಾಯಿತು. ಈತ 1848-49ರ ಜರ್ಮನ್ ಕ್ರಾಂತಿಯಲ್ಲಿ ಪಾಲ್ಗೊಂಡವನು. ಮುತ್ತಿಗೆಗೆ ಸಿಕ್ಕಿದ ರಾಷ್ಟಾಟ್ ಕೋಟೆಯಿಂದ ಚರಂಡಿಯ ಕೊಳವೆಯೊಳಗೆ ತೆವಳಿ ಪಾರಾದವನು. ಮತ್ತೆ ವೇಷ ಮರೆಸಿಕೊಂಡು ಹಿಂದಿರುಗಿ, 1850ರ ನವೆಂಬರಿನಲ್ಲಿ ತನ್ನ ಗುರು ಗಾಟ್‌ಫ್ರೀಡ್ ಕಿಂಕೆಲ್‌ರನ್ನು ಸ್ಪಾಂಡೌ ಸೆರೆಮನೆಯಿಂದ ಬಿಡಿಸಿ ತಂದವನು. 1852ರ ಜುಲೈ 6ರಂದು ಇಬ್ಬರ ಮದುವೆಯಾಯಿತು. ವಧುವಿಗೆ ಇನ್ನೂ ಹತ್ತೊಂಬತ್ತು ತುಂಬಿರಲಿಲ್ಲ. ಫ್ರೋಬೆಲ್ ತೀರಿಕೊಂಡು ಹದಿನೈದು ದಿನಗಳಾಗಿದ್ದವು. ಅದೇ ಸೆಪ್ಟೆಂಬರಿನಲ್ಲಿ ದಂಪತಿಗಳು ನ್ಯೂಯಾರ್ಕಿನ ಬಂದರಿನಲ್ಲಿ ಇಳಿದರು.

ಕೆಲವು ವರ್ಷ ಫಿಲಡೆಲ್ಫಿಯಾದಲ್ಲಿದ್ದು, ಬಳಿಕ ಅವರು ವಿಸ್ಕಾನ್ಸಿನ್ ರಾಜ್ಯದ ವಾಟರ್‌ಟೌನ್ ಎಂಬ ಊರಿಗೆ ಬಂದರು. ಕಾರ್ಲ್‌ನ ತಂದೆ, ತಾಯಿ, ತಂಗಿಯರು ಆಗಲೇ ಅಲ್ಲಿ ನೆಲೆಸಿದ್ದರು. ಜರ್ಮನ್ ವಲಸಿಗರು ತುಂಬಿದ್ದ ಊರು ಅದು. ಪೇಟೆಯಲ್ಲಿ ಜರ್ಮನ್ ನಡೆಯುತ್ತಿತ್ತು, ಕೋರ್ಟು ಕಚೇರಿಯಲ್ಲಿ ಇಂಗ್ಲಿಷ್. ನಮ್ಮ ಹೊಸೂರು, ತಾಳವಾಡಿ, ಅಕ್ಕಲಕೋಟೆ, ಮಡಕಶಿರಾಗಳ ಸಂತೆಯಲ್ಲೊಂದು ಮಾತು, ಕಚೇರಿಯಲ್ಲೊಂದು ಮಾತು ಇರುವಂತೆ ಎಂದಿಟ್ಟುಕೊಳ್ಳಿ.

1856ರಲ್ಲಿ ಮಾರ್ಗರೆಥೆ ತನ್ನ ಮನೆಯಲ್ಲೇ ಮಕ್ಕಳನ್ನು ಕೂರಿಸಿಕೊಂಡಳು. ಎಷ್ಟು ಮಕ್ಕಳು? ಐದು. 1853ರಲ್ಲಿ ಹುಟ್ಟಿದ ಸ್ವಂತ ಮಗಳು ಅಗಾಥೆ, ಮತ್ತೆ ಬಂಧುಗಳ ನಾಲ್ವರು ಮಕ್ಕಳು. ಫ್ರೋಬೆಲರಿಂದ ಕೇಳಿ ತಿಳಿದ ಆಟ, ಹಾಡು, ಕೈಕೆಲಸಗಳನ್ನು ಜರ್ಮನ್ ಭಾಷೆಯಲ್ಲೇ ಆಡಿಸಿದಳು, ಹಾಡಿಸಿದಳು. ನೆರೆಯವರು ನೋಡಿದರು. ನಮ್ಮ ಮಗುವನ್ನೂ ಸೇರಿಸಿಕೊಳ್ಳಿ ಎಂದರು. ಮನೆ ಸಾಲದಾಯಿತು. ಆಗ ಪೇಟೆಯ ಮಧ್ಯದಲ್ಲಿ ಒಂದು ಪುಟ್ಟ ಕಟ್ಟಡಕ್ಕೆ ಶಾಲೆಯನ್ನು ಸಾಗಿಸಿದರು. ಅಮೆರಿಕಾ ದೇಶದ ಮೊದಲ ಕಿಂಡರ್‌ಗಾರ್ಟನ್ ಎಂದು ಹೆಸರಾದದ್ದು ಇದೇ. ಇದಕ್ಕೂ ಮೊದಲು, 1838ರಲ್ಲಿ, ಒಹಾಯೋ ರಾಜ್ಯದ ಕೊಲಂಬಸ್‌ನಲ್ಲಿ ಕರೊಲೀನ್ ಫ್ರಾಂಕನ್‌ಬರ್ಗ್ ಎಂಬ ಇನ್ನೊಬ್ಬ ಜರ್ಮನ್ ಮಹಿಳೆ ಫ್ರೋಬೆಲ್ ರೀತಿಯಲ್ಲಿ ಮಕ್ಕಳ ಶಾಲೆ ನಡೆಸಿದ್ದುಂಟು. ಆಗ ಕಿಂಡರ್‌ಗಾರ್ಟನ್ ಎಂಬ ಹೆಸರೇ ಹುಟ್ಟಿರಲಿಲ್ಲ. ಮೊದಲನೆಯವರು ಯಾರೆಂಬ ವಾದ ಇದ್ದರೆ ಇರಲಿ, ಇಬ್ಬರೂ ವಲಸೆ ಬಂದ ಹೆಣ್ಣುಮಕ್ಕಳು, ಇಬ್ಬರೂ ಜರ್ಮನರು ಎಂಬುದನ್ನು ಗಮನಿಸಿ.

ಮಾರ್ಗರೆಥೆಯ ಆರೋಗ್ಯ ಗಟ್ಟಿಯಾಗಿರಲಿಲ್ಲ. ಸುಮಾರು ಎರಡು ವರ್ಷದಲ್ಲಿ ಆಕೆ ಶಾಲೆಯನ್ನು ಬಿಡಬೇಕಾಯಿತು. ಆದರೆ 1859ರಲ್ಲಿ ಬಾಸ್ಟನ್ ನಗರದಲ್ಲಿ ನಡೆದ ಒಂದು ಭೇಟಿ ಆ ಎರಡು ವರ್ಷದ ದುಡಿಮೆಗೆ ಚಕ್ರಬಡ್ಡಿ ತಂದಿತು. ಎಲಿಜಬೆತ್ ಪೀಬಾಡಿ ಎಂಬ ವಿದ್ಯಾವಂತ ಮಹಿಳೆ ಅಲ್ಲಿ ಪುಟ್ಟ ಅಗಾಥೆಯ ನಡೆನುಡಿ ಕಂಡು ಬೆರಗಾಗಿ, ಇದು ಹೇಗೆ ಸಾಧ್ಯವಾಯಿತೆಂದು ತಾಯಿಯನ್ನು ವಿಚಾರಿಸಿದರು. ಮಗು ಕಿಂಡರ್‌ಗಾರ್ಟನ್ನಿನಲ್ಲಿ ಬೆಳೆದುದೆಂದು ತಾಯಿ ವಿವರಿಸಿದಳು. ಮರುವರ್ಷ, 1860ರಲ್ಲಿ, ಪೀಬಾಡಿಯವರು ಬಾಸ್ಟನ್ನಿನಲ್ಲಿ ಇಂಗ್ಲಿಷ್ ಮಾತಾಡುವ ಮಕ್ಕಳಿಗಾಗಿ ಕಿಂಡರ್‌ಗಾರ್ಟನ್ ತೆರೆದರು. 1865ರಲ್ಲಿ ಸ್ವಿಟ್ಜರ್‌ಲೆಂಡಿನಿಂದ ವಲಸೆ ಬಂದ ವಿಲಿಯಂ ಹೈಲ್‌ಮನ್ ಲೂಯಿವಿಲ್ ನಗರದ ಜರ್ಮನ್-ಇಂಗ್ಲಿಷ್ ದ್ವಿಭಾಷಾ ಅಕಾಡೆಮಿಯ ಮುಖ್ಯಸ್ಥರಾಗಿ, ಅಲ್ಲಿ ಎಳೆಯರ ವಿಭಾಗವನ್ನು ಬೆಳೆಸಿದರು. 1873ರಲ್ಲಿ ಸೈಂಟ್ ಲೂಯಿಸ್ ನಗರದ ಸಾರ್ವಜನಿಕ ಶಾಲೆಯಲ್ಲಿ ಸೂಸನ್ ಬ್ಲೋ ಅವರ ಕೈಯಲ್ಲಿ ಸರಕಾರೀ ಕಿಂಡರ್‌ಗಾರ್ಟನ್ ಆರಂಭವಾಯಿತು. ಮನೆಯ ಜಗಲಿಯಲ್ಲಿ ಹುಟ್ಟಿದ್ದು ಹದಿನೇಳು ವರ್ಷಗಳಲ್ಲಿ ಸರಕಾರದ ಲೆಕ್ಕಪತ್ರದಲ್ಲಿ ಜಾಗ ಪಡೆಯಿತು. ಮಾರ್ಗರೆಥೆ 1876ರ ಮಾರ್ಚಿನಲ್ಲಿ, ಹೆರಿಗೆಯಾದ ಕೆಲವೇ ದಿನಗಳಲ್ಲಿ, ತನ್ನ 42ನೆಯ ವಯಸ್ಸಿನಲ್ಲಿ ತೀರಿಕೊಂಡಳು.

ಈಗ ಆಕೆಯ ಗಂಡನ ಮಾತಿಗೆ ಬರೋಣ. ‘ತಾಯಿನುಡಿಯಲ್ಲೇ ಆಡಿಸಿದರೆ ಮಗು ಹೊರಗಿನ ಲೋಕದಲ್ಲಿ ಹಿಂದೆ ಬೀಳದೇ?’ ಎಂದು ನೀವು ಕೇಳಬಹುದು. ಅಮೆರಿಕಾಕ್ಕೆ ಇಳಿದಾಗ ಕಾರ್ಲ್ ಶುರ್ಜ್‌ಗೆ ಇಂಗ್ಲಿಷ್ ಬರುತ್ತಿರಲಿಲ್ಲವೆಂದೇ ಹೇಳಬೇಕು. ಆತ ಕಲಿತ ಕ್ರಮವನ್ನು ಆತ್ಮಕಥೆಯಲ್ಲಿ ಬರೆದಿದ್ದಾನೆ. ವ್ಯಾಕರಣದ ಪುಸ್ತಕ ಹಿಡಿಯಲಿಲ್ಲ. ದಿನಪತ್ರಿಕೆಯನ್ನು ಜಾಹೀರಾತು ಸಹಿತ ಓದಿದ. ಆ ಪತ್ರಿಕೆಯ ಹೆಸರು ‘ಲೆಡ್ಜರ್’ ಎಂದು ಓದಿದಾಗ ಬ್ಯಾಂಕಿನ ಲೆಡ್ಜರುಗಳ ನಡುವೆ ಆಯುಸ್ಸು ಕಳೆದ ನನಗೆ ನಗು ಬಂತು. ಬಳಿಕ ಆತ ಕಾದಂಬರಿಗಳಿಗೆ ಹೋದ. ಇಂಗ್ಲಿಷಿನ ಬರಹವನ್ನು ಜರ್ಮನ್‌ಗೆ ತಿರುಗಿಸಿ, ಕೆಲವು ದಿನ ಬಿಟ್ಟು, ಆ ಜರ್ಮನ್ನನ್ನು ಮತ್ತೆ ಇಂಗ್ಲಿಷಿಗೆ ತಂದು ಮೂಲದೊಡನೆ ತಾಳೆ ನೋಡಿದ. ಅಂದರೆ ಹೊಸ ಭಾಷೆಯನ್ನು ಕಲಿಯಲು ಆತನಿಗೆ ತಕ್ಕಡಿಯಾದದ್ದು ತಾಯಿನುಡಿಯೇ. ಹೀಗೆ ಕಲಿತವನು 1861ರಲ್ಲಿ ಸ್ಪೇನ್ ದೇಶಕ್ಕೆ ಅಮೆರಿಕಾದ ರಾಯಭಾರಿಯಾದ. 1869ರಲ್ಲಿ ಸೆನೆಟ್ ಸದಸ್ಯನಾದ. 1877ರಿಂದ 1881ರವರೆಗೆ ಒಳಾಡಳಿತ ಖಾತೆಯ ಮಂತ್ರಿಯಾಗಿದ್ದ. ಆತ್ಮಕಥೆ ಬರೆಯುವಾಗ ಬಾಲ್ಯ, ಯೌವನದ ಭಾಗವನ್ನು ಜರ್ಮನ್‌ನಲ್ಲೂ ಅಮೆರಿಕಾದ ಬದುಕಿನ ಭಾಗವನ್ನು ಇಂಗ್ಲಿಷಿನಲ್ಲೂ ಬರೆದ. ಎರಡು ಮಾತಿನ ನಡುವೆ ಬಾಳುವ ನಿಮಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ನನ್ನ ಕೌಂಟರಿನ ಅನುಭವವೊಂದನ್ನು ಇಲ್ಲಿ ಸೇರಿಸುತ್ತೇನೆ. ಗಡಿಯ ಶಾಖೆಗಳಲ್ಲಿ ಗಿರಾಕಿಗಳು ನಮ್ಮೊಡನೆ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಚೆನ್ನಾಗಿಯೇ ಮಾತಾಡುತ್ತಿದ್ದರು. ಆದರೆ ನೋಟಿನ ಕಟ್ಟು ಕೈಗೆ ಬಂದೊಡನೆ ತುಟಿ ಮೆಲ್ಲನೆ ಅಲುಗುತ್ತಿತ್ತು. ‘ಒಂದು, ಎರಡು, ಮೂರು’ ಎಂದು ಕನ್ನಡದಲ್ಲೋ, ‘ಒಂಜಿ, ರಡ್ಡ್, ಮೂಜಿ’ ಎಂದು ತುಳುವಿನಲ್ಲೋ ಎಣಿಕೆ ಸಾಗುತ್ತಿತ್ತು. ತಪ್ಪಬಾರದ ಲೆಕ್ಕ ಬಂದಾಗ ಮನುಷ್ಯ ಎಳವೆಯಲ್ಲಿ ಕಲಿತ ಮಾತಿಗೆ ಹೋಗಿ ಆಸರೆ ಪಡೆಯುತ್ತಾನೆ. ಎಳವೆಯಲ್ಲಿ ಇಟ್ಟ ಆ ಠೇವಣಿಯನ್ನು ಮತ್ತೆ ದೊಡ್ಡವರಾದ ಮೇಲೆ ತುಂಬಿಕೊಡುವುದು ಕಷ್ಟ.

ವಾಟರ್‌ಟೌನಿನ ಕಥೆ ಇಲ್ಲಿಗೆ ಮುಗಿದಿದ್ದರೆ ಸುಖಾಂತವಾಗುತ್ತಿತ್ತು. ಆದರೆ ಇತಿಹಾಸ ಹಾಗೆ ನಡೆಯಲಿಲ್ಲ. 1889ರಲ್ಲಿ ಅದೇ ವಿಸ್ಕಾನ್ಸಿನ್ ರಾಜ್ಯ ಬೆನೆಟ್ ಕಾಯಿದೆಯನ್ನು ತಂದಿತು. ಸರಕಾರೀ ಶಾಲೆಯಿರಲಿ, ಖಾಸಗಿ ಶಾಲೆಯಿರಲಿ, ಓದು, ಬರಹ, ಗಣಿತ, ದೇಶದ ಇತಿಹಾಸ ಇವನ್ನು ಇಂಗ್ಲಿಷಿನಲ್ಲಿ ಕಲಿಸಿದರೆ ಮಾತ್ರ ಅದು ಶಾಲೆ ಎಂದು ಸಾರಿತು. ಜರ್ಮನರು ಬೀದಿಗಿಳಿದು ಕೂಗಾಡುವುದಕ್ಕಿಂತ ಮತಪೆಟ್ಟಿಗೆಯನ್ನು ನಂಬಿದರು. 1890ರ ಚುನಾವಣೆಯಲ್ಲಿ ಲುಥೆರನರೂ ಕ್ಯಾಥೊಲಿಕರೂ ತಮ್ಮ ಹಳೆಯ ಮನಸ್ತಾಪ ಬದಿಗಿಟ್ಟು ಒಂದಾದರು. ಕಾಯಿದೆಗೆ ಸಹಿ ಹಾಕಿದ್ದ ಗವರ್ನರ್ ವಿಲಿಯಂ ಹೋರ್ಡ್ ಸೋತರು. 1891ರಲ್ಲಿ ಕಾಯಿದೆ ರದ್ದಾಯಿತು.

ಆದರೆ 1917ರಲ್ಲಿ ಅಮೆರಿಕಾ ಜರ್ಮನಿಯ ಮೇಲೆ ಯುದ್ಧ ಸಾರಿದಾಗ ಮತಪೆಟ್ಟಿಗೆಯೂ ಕಾಯಲಿಲ್ಲ. ಅಯೋವಾ ರಾಜ್ಯದ ಗವರ್ನರ್ 1918ರ ಮೇ ತಿಂಗಳಲ್ಲಿ ಶಾಲೆಯಲ್ಲಿ, ರೈಲಿನಲ್ಲಿ, ಟೆಲಿಫೋನಿನಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಮಾತಾಡಕೂಡದೆಂದು ಆಜ್ಞೆ ಹೊರಡಿಸಿದರು. ಜರ್ಮನ್ ಊಟದ ಹುಳಿ ಎಲೆಕೋಸಿಗೂ ‘ಸ್ವಾತಂತ್ರ್ಯದ ಕೋಸು’ ಎಂದು ಹೊಸ ಹೆಸರಿಟ್ಟರು. ಅದೇ ಮಹಾಯುದ್ಧದಲ್ಲಿ ನಮ್ಮ ಕಡೆಯ ಬಾಸೆಲ್ ಮಿಶನ್ನಿನ ಜರ್ಮನರನ್ನೂ ಬ್ರಿಟಿಷ್ ಸರಕಾರ ಬಂಧನದಲ್ಲಿಟ್ಟು ಬಳಿಕ ದೇಶದಿಂದ ಕಳಿಸಿತು. ನೆಬ್ರಾಸ್ಕಾ ರಾಜ್ಯ 1919ರಲ್ಲಿ ಎಂಟನೆಯ ತರಗತಿ ದಾಟುವವರೆಗೆ ಮಕ್ಕಳಿಗೆ ಬೇರೆ ಭಾಷೆ ಕಲಿಸುವುದನ್ನು ಅಪರಾಧವೆಂದು ಮಾಡಿತು. 1920ರಲ್ಲಿ ರಾಬರ್ಟ್ ಮೇಯರ್ ಎಂಬ ಮಾಸ್ತರು ಹತ್ತು ವರ್ಷದ ಹುಡುಗನಿಗೆ ಜರ್ಮನ್ ಓದಿಸಿದ್ದಕ್ಕಾಗಿ 25 ಡಾಲರ್ ದಂಡ ತೆರಬೇಕಾಯಿತು. ಹೆಸರು ಕೇಳಿ ಮಾರ್ಗರೆಥೆಯ ತವರಿನೊಡನೆ ನಂಟು ಕಲ್ಪಿಸಬೇಡಿ, ಮೇಯರ್ ಎಂಬುದು ಜರ್ಮನರಲ್ಲಿ ಬಹು ಸಾಮಾನ್ಯ. ಮಾಸ್ತರು ಸುಪ್ರೀಂ ಕೋರ್ಟಿನವರೆಗೆ ಹೋದರು. 1923ರ ಜೂನ್ 4ರಂದು ಏಳು ನ್ಯಾಯಾಧೀಶರು ಅವರ ಪರವಾಗಿ, ಇಬ್ಬರು ವಿರುದ್ಧವಾಗಿ ನಿಂತು, ಆ ಕಾಯಿದೆ ಬಿದ್ದುಹೋಯಿತು. ಹಕ್ಕೇನೋ ಗೆದ್ದಿತು. ಆದರೆ ಐದಾರು ವರ್ಷದ ಹೆದರಿಕೆಯಲ್ಲಿ ಎಷ್ಟೋ ಮನೆಗಳು ಮಕ್ಕಳೊಡನೆ ಜರ್ಮನ್ ಆಡುವುದನ್ನು ನಿಲ್ಲಿಸಿಬಿಟ್ಟಿದ್ದವು. ನಿಂತ ಮಾತನ್ನು ಕೋರ್ಟಿನ ತೀರ್ಪು ಮತ್ತೆ ಹರಿಯಿಸಲಾರದು. ವಾಟರ್‌ಟೌನಿನ ಆ ಪುಟ್ಟ ಕಟ್ಟಡವನ್ನು 1956ರಲ್ಲಿ ಊರಿನ ವಸ್ತುಸಂಗ್ರಹಾಲಯದ ಆವರಣಕ್ಕೆ ಸಾಗಿಸಿ ಜೋಪಾನವಾಗಿ ಇಟ್ಟಿದ್ದಾರೆ.

ಆ 1956 ಎಂಬ ಇಸವಿ ನಮ್ಮ ಕಿವಿಗೆ ಬೇರೆಯಾಗಿಯೇ ಕೇಳುತ್ತದೆ, ಅಲ್ಲವೇ? ಆ ವರ್ಷದ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗಿ ಕಾಸರಗೋಡು ಕೇರಳಕ್ಕೆ ಸೇರಿತು. ಊರು ಬಿಟ್ಟು ಹೋಗದೆಯೇ ಭಾಷೆಯಲ್ಲಿ ವಲಸಿಗರಂತಾದವರು ನಾವು. ಅದೇ ವರ್ಷ ಸಂವಿಧಾನದ ಏಳನೆಯ ತಿದ್ದುಪಡಿಯಿಂದ 350ಎ ವಿಧಿ ಬಂತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯಿನುಡಿಯಲ್ಲಿ ಕಲಿಯಲು ತಕ್ಕ ಸೌಲಭ್ಯ ಒದಗಿಸಲು ರಾಜ್ಯಗಳು ಯತ್ನಿಸಬೇಕು ಎನ್ನುತ್ತದೆ ಅದು. ಅದಕ್ಕೂ ಮೊದಲೇ, 1949ರ ಆಗಸ್ಟಿನಲ್ಲಿ, ಪ್ರಾಂತಗಳ ಶಿಕ್ಷಣ ಮಂತ್ರಿಗಳ ಸಭೆ ಒಂದು ಲೆಕ್ಕ ಹಾಕಿಕೊಟ್ಟಿತ್ತು. ಒಂದು ಶಾಲೆಯಲ್ಲಿ ಒಟ್ಟು 40 ಮಕ್ಕಳು, ಇಲ್ಲವೇ ಒಂದು ತರಗತಿಯಲ್ಲಿ 10 ಮಕ್ಕಳು ಇದ್ದರೆ ಅವರ ಭಾಷೆಯ ಅಧ್ಯಾಪಕರನ್ನು ಕೊಡಬೇಕು ಎಂದು.

ಈ ಹತ್ತರ ಲೆಕ್ಕವನ್ನು ನೀವು ಚೆನ್ನಾಗಿ ನೆನಪಿಡಬೇಕು. ವಿಧಿ ಹೇಳುವುದು ಪ್ರಾಥಮಿಕ ಹಂತದ ಮಾತು. ಆರು ವರ್ಷದೊಳಗಿನ ಮಗು ಅದಕ್ಕೂ ಕೆಳಗಿನ ಮೆಟ್ಟಿಲಲ್ಲಿದೆ. 1975ರ ಅಕ್ಟೋಬರ್ 2ರಂದು 33 ಯೋಜನಾ ಪ್ರದೇಶಗಳಲ್ಲಿ ಆರಂಭವಾದ ಅಂಗನವಾಡಿ ಈಗ ದೇಶದುದ್ದಕ್ಕೂ ಇದೆ. ಅಲ್ಲಿ ಮಗು ಮೂರು ವರ್ಷ ಯಾವ ಮಾತಿನಲ್ಲಿ ಹಾಡಿತೋ ಅದೇ ಮಾತಿನ ಒಂದನೆಯ ತರಗತಿಗೆ ಹೋಗುವುದು ಸಹಜ. ಅಂಗನವಾಡಿಯಲ್ಲಿ ಕನ್ನಡ ಕೇಳಿಸದಿದ್ದರೆ ಕನ್ನಡದ ಒಂದನೆಯ ತರಗತಿಗೆ ಹತ್ತು ಮಕ್ಕಳು ಕೂಡುವುದಿಲ್ಲ. ಹತ್ತು ಕೂಡದಿದ್ದರೆ ಅಧ್ಯಾಪಕರಿಲ್ಲ. ಅಧ್ಯಾಪಕರಿಲ್ಲದಿದ್ದರೆ ಮರುವರ್ಷ ಐದು ಮಕ್ಕಳೂ ಬರುವುದಿಲ್ಲ. ಶಾಲೆಗೆ ಬೀಗ ಬೀಳುವುದು ಆಮೇಲಿನ ಮಾತು, ಸೋರಿಕೆ ಮೊದಲಾಗುವುದು ಅಂಗನವಾಡಿಯ ಚಾಪೆಯ ಮೇಲೆ.

ಇದಕ್ಕೆ ಆಧಾರವೂ ನಮ್ಮ ಕೈಯಲ್ಲಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಸಾಧ್ಯವಿರುವಲ್ಲೆಲ್ಲ ಕಡಿಮೆಯೆಂದರೆ ಐದನೆಯ ತರಗತಿಯವರೆಗೆ ಮನೆಮಾತಿನಲ್ಲಿ ಕಲಿಸಬೇಕೆಂದಿತು. ಮೂರರಿಂದ ಎಂಟು ವರ್ಷದ ಮಕ್ಕಳಿಗೆಂದೇ 2022ರಲ್ಲಿ ಬಂದ ಪಠ್ಯಕ್ರಮದ ಚೌಕಟ್ಟೂ ಅದನ್ನೇ ಹೇಳಿತು. ಅಂಗನವಾಡಿ ಕಾರ್ಯಕರ್ತೆ ಆ ಊರಿನವಳೇ ಆಗಿರಬೇಕೆಂಬುದು ಯೋಜನೆಯ ಮೂಲ ಆಶಯ. ಆದುದರಿಂದ ತಾಯಂದಿರ ಸಭೆಗೆ ಹೋಗಿ ಕುಳಿತುಕೊಳ್ಳಿ. ಎಷ್ಟು ಮಕ್ಕಳ ಮನೆಮಾತು ಯಾವುದು ಎಂಬ ಪಟ್ಟಿ ನೀವೇ ಮಾಡಿ, ಪಂಚಾಯತಿಗೆ ಬರೆದು ಕೊಡಿ, ಕೊಟ್ಟದ್ದಕ್ಕೆ ರಶೀದಿ ಪಡೆಯಿರಿ. ಬಾಯಿಮಾತಿನ ದೂರಿಗೆ ಯಾವ ಕಚೇರಿಯಲ್ಲೂ ನಮೂದು ಇರುವುದಿಲ್ಲ. ಅಲ್ಲಿಯ ಟೀಚರಿಗೆ ಕನ್ನಡ ಬಾರದಿದ್ದರೆ ಅವರೊಡನೆ ಜಗಳಕ್ಕೆ ಇಳಿಯಬೇಡಿ. ಕನ್ನಡದ ಶಿಶುಗೀತೆ ಗೊತ್ತಿರುವ ಅಜ್ಜಿಯೊಬ್ಬರು ವಾರಕ್ಕೆರಡು ದಿನ ಬಂದು ಕೂರಲು ಒಪ್ಪಿಗೆ ಕೇಳಿ. ಅದೂ ಆಗದಿದ್ದರೆ ನಿಮ್ಮ ಜಗಲಿಯಿದೆ. ಮಾರ್ಗರೆಥೆ ಆರಂಭಿಸಿದ್ದು ಐದು ಮಕ್ಕಳಿಂದ.

ಒಂದು ಕಹಿ ಮಾತನ್ನೂ ಮರೆಮಾಚದೆ ಹೇಳಬೇಕು. ಕಾರ್ಲ್ ಶುರ್ಜ್ ಮಂತ್ರಿಯಾಗಿದ್ದಾಗಲೇ, 1879ರಲ್ಲಿ, ಆತನ ಒಪ್ಪಿಗೆಯಿಂದಲೇ ಕಾರ್ಲೈಲ್ ಎಂಬಲ್ಲಿ ಅಮೆರಿಕಾದ ಮೂಲನಿವಾಸಿಗಳ ಮಕ್ಕಳಿಗಾಗಿ ವಸತಿ ಶಾಲೆ ತೆರೆಯಿತು. ಮಕ್ಕಳನ್ನು ಮನೆಯಿಂದ ದೂರ ತಂದು, ಕೂದಲು ಕತ್ತರಿಸಿ, ತಮ್ಮ ಮಾತನ್ನು ಆಡದಂತೆ ತಡೆದ ಶಾಲೆ ಅದು. ತನ್ನ ಮಗಳಿಗೆ ತಾಯಿನುಡಿಯ ತೋಟ ಸಿಕ್ಕಿದ ತಂದೆಗೆ ಆ ಮಕ್ಕಳ ತಾಯಿನುಡಿ ಕೇಳಿಸಲಿಲ್ಲ. ನಾವು ಇದರಿಂದ ಎಚ್ಚರಗೊಳ್ಳಬೇಕು. ಕನ್ನಡಕ್ಕಾಗಿ ಕೇಳುವ ನಮ್ಮ ಅಂಗನವಾಡಿಯ ಮೂಲೆಯಲ್ಲಿ ಕೊರಗರ ಮಗು, ವಯನಾಡಿನಲ್ಲಾದರೆ ಪಣಿಯರ ಮಗು, ನೀಲಗಿರಿಯಲ್ಲಾದರೆ ಇರುಳರ ಮಗು ಬಾಯಿ ಮುಚ್ಚಿಕೊಂಡು ಕುಳಿತಿರಬಹುದು. ಆ ಮಗುವಿನ ಮಾತಿನ ಒಂದು ಹಾಡೂ ಅಲ್ಲಿ ಕೇಳಬೇಕು. ರಾಜ್ಯದ ಭಾಷೆಯನ್ನೂ ನಮ್ಮ ಮಕ್ಕಳು ಚೆನ್ನಾಗಿ ಕಲಿಯಲಿ, ಅದು ನೆರೆಮನೆಯವರ ಮಾತು. ಒಂದೇ ಚಾಪೆಯ ಮೇಲೆ ಮೂರು ಮಾತಿನ ಹಾಡುಗಳಿಗೆ ಜಾಗವಿದೆ. ಮಕ್ಕಳಿಗೆ ಅದು ಭಾರವಲ್ಲ, ಆಟ.

ಇನ್ನು ಮುಂದೆ ಯಾರಾದರೂ ‘ನಮ್ಮ ಮಗು ಎಲ್.ಕೆ.ಜಿ.’ ಎಂದಾಗ ಆ ಅಕ್ಷರಗಳ ಅರ್ಥವನ್ನು ಅವರಿಗೆ ತಿಳಿಸಿ. ಬರುವ ಜೂನ್ ತಿಂಗಳೊಳಗೆ ನಿಮ್ಮ ಊರಿನ ಮೂರು ವರ್ಷ ತುಂಬಿದ ಮಕ್ಕಳನ್ನು ಎಣಿಸಿ, ಪಟ್ಟಿ ಬರೆದಿಡಿ. ಹತ್ತು ಆದರೆ ಬಹಳ ಒಳ್ಳೆಯದು, ಐದಾದರೂ ಸಾಕು.